ಪಕ್ಕದ ಮೇಜಿನವರಿಗೆ ಬಡ್ತಿ ಬಂದಾಗ

ಬಡ್ತಿಯ ಆದೇಶ ಎಂಬುದು ನೋಡಲು ಒಂದು ಹಾಳೆ, ಅಷ್ಟೆ. ಅದರಲ್ಲಿ ಹೆಸರಿದ್ದವರು ಮರುದಿನ ಪೇಡವನ್ನೋ ಮೈಸೂರುಪಾಕನ್ನೋ ತಂದು ಮೇಜಿನಿಂದ ಮೇಜಿಗೆ ಹಂಚುತ್ತಾರೆ. ಹೆಸರಿಲ್ಲದವರೂ ಒಂದು ತುಂಡು ಕೈಗೆತ್ತಿಕೊಂಡು ‘ಬಹಳ ಸಂತೋಷ ಕಣ್ರೀ’ ಎನ್ನುತ್ತಾರೆ. ಬಾಯಿ ಹಾಗೆ ಅಂದರೂ ಸಿಹಿ ಗಂಟಲಲ್ಲಿ ಇಳಿಯುವುದಿಲ್ಲ. ಅಂದಿನಿಂದ ಮಧ್ಯಾಹ್ನದ ಡಬ್ಬಿ ಒಟ್ಟಿಗೆ ಬಿಚ್ಚುವುದು ನಿಲ್ಲುತ್ತದೆ. ಮೊನ್ನೆಯವರೆಗೆ ಏಕವಚನದಲ್ಲಿ ಕರೆಯುತ್ತಿದ್ದ ಗೆಳೆಯನನ್ನು ‘ಸಾರ್’ ಎನ್ನಬೇಕೋ ಬೇಡವೋ ಎಂದು ತಿಳಿಯದೆ ಮಾತೇ ಕಡಿಮೆಯಾಗುತ್ತದೆ.

ಕುರ್ಚಿ ತಪ್ಪಿದವರ ಈ ಒಳಗುದಿಯ ಬಗ್ಗೆ ಮಾತಾಡಲು ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ನಡುವೆ ಶಿರಾಳಕೊಪ್ಪವನ್ನು ಇಟ್ಟುಕೊಂಡು ಅಕ್ಕಪಕ್ಕ ಕುಳಿತಿರುವ ಈ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟಿವೆ. ಸೊರಬದ ಎಸ್. ಬಂಗಾರಪ್ಪ, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ. ಕುರ್ಚಿ ಪಕ್ಕದವರಿಗೆ ಹೋದಾಗ ಆಗುವ ನೋವನ್ನು ಇಬ್ಬರೂ ಉಂಡವರು. ಒಮ್ಮೆ ಸಿಟ್ಟಿನಿಂದ ಹೊರಟುಹೋದದ್ದು, ಇನ್ನೊಮ್ಮೆ ನುಂಗಿಕೊಂಡು ಒಳಗೇ ಉಳಿದದ್ದು, ಎರಡೂ ಇವರ ಬದುಕಿನಲ್ಲಿವೆ. ರಾಜಕೀಯದ ಲೆಕ್ಕ ಬೇರೆ, ಗುಮಾಸ್ತರ ಲೆಕ್ಕ ಬೇರೆ ಎನ್ನಬಹುದು. ಮನಸ್ಸು ಮಾತ್ರ ಎರಡೂ ಕಡೆ ಒಂದೇ.

ಸೊರಬದ ಪಾಠ

1983ರ ಜನವರಿಯನ್ನು ನೆನಪಿಸಿಕೊಳ್ಳಿ. ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ ಅಧಿಕಾರ ಕಳೆದುಕೊಂಡ ವರ್ಷ ಅದು. ದೇವರಾಜ ಅರಸರು 1982ರಲ್ಲಿ ತೀರಿಕೊಂಡ ಮೇಲೆ ಅವರು ಕಟ್ಟಿದ ಕ್ರಾಂತಿರಂಗಕ್ಕೆ ಬಂಗಾರಪ್ಪನವರೇ ಮುಖಂಡರು. ಕ್ರಾಂತಿರಂಗ ಮತ್ತು ಜನತಾ ಪಕ್ಷ ಕೂಡಿ 95 ಸ್ಥಾನ ಗೆದ್ದವು. 1967ರಿಂದ ಸೊರಬದಿಂದ ಸತತವಾಗಿ ಗೆಲ್ಲುತ್ತಿದ್ದ, ಹಿಂದುಳಿದ ವರ್ಗಗಳ ದೊಡ್ಡ ನಾಯಕರಾಗಿದ್ದ ಬಂಗಾರಪ್ಪನವರು ಮುಖ್ಯಮಂತ್ರಿಯಾಗುತ್ತಾರೆಂದು ತಾಲ್ಲೂಕು ಕಾದು ಕುಳಿತಿತ್ತು. ಆದರೆ ಜನವರಿ 10ರಂದು ಪ್ರಮಾಣವಚನ ಸ್ವೀಕರಿಸಿದ್ದು ರಾಮಕೃಷ್ಣ ಹೆಗಡೆಯವರು. ಆಗ ಅವರು ವಿಧಾನಸಭೆಯ ಸದಸ್ಯರೂ ಆಗಿರಲಿಲ್ಲ. ಇನ್ನೂ ಚುಚ್ಚುವ ಸಂಗತಿ ಎಂದರೆ ಹೆಗಡೆಯವರ ಊರು ದೊಡ್ಮನೆ ಇರುವುದು ಸಿದ್ದಾಪುರ ತಾಲ್ಲೂಕಿನಲ್ಲಿ, ಅಂದರೆ ಸೊರಬದ ಗಡಿಗೆ ತಾಗಿಕೊಂಡು. ಕುರ್ಚಿ ಅಕ್ಷರಶಃ ಪಕ್ಕದವರಿಗೇ ಹೋಗಿತ್ತು.

ಬಂಗಾರಪ್ಪನವರು ಅಸಮಾಧಾನದಿಂದ ಹೊರನಡೆದರು. 1985ರ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್ಸಿಗೆ ಮರಳಿದ್ದರು. ಆ ಚುನಾವಣೆಯಲ್ಲಿ ಹೆಗಡೆಯವರ ಜನತಾ ಪಕ್ಷ 139 ಸ್ಥಾನ ಪಡೆದು ಇನ್ನೂ ಗಟ್ಟಿಯಾಗಿ ಬಂತು. ಬಂಗಾರಪ್ಪನವರು ವಿರೋಧ ಪಕ್ಷದ ನಾಯಕರಾದರು. ಮುನಿಸು ಹೆಗಡೆಯವರ ಕುರ್ಚಿಯನ್ನು ಅಲುಗಿಸಲಿಲ್ಲ.

ನಂತರ ನಡೆದದ್ದನ್ನು ಜನ ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಾಗ ಮುಖ್ಯಮಂತ್ರಿಯಾದವರು ವೀರೇಂದ್ರ ಪಾಟೀಲರು. ಈ ಬಾರಿ ಬಂಗಾರಪ್ಪನವರು ಹೊರಹೋಗಲಿಲ್ಲ. ಪಾಟೀಲರ ಸಂಪುಟದಲ್ಲಿ ಕೃಷಿ ಸಚಿವರಾಗಿ ಕುಳಿತರು. ಮರುವರ್ಷ, 1990ರ ಅಕ್ಟೋಬರ್ 17ರಂದು, ಮುಖ್ಯಮಂತ್ರಿಯ ಕುರ್ಚಿ ಅವರನ್ನೇ ಹುಡುಕಿಕೊಂಡು ಬಂತು. ಹೊರಗೆ ನಿಂತು ಪಡೆಯಲಾಗದ್ದು ಒಳಗಿದ್ದುದರಿಂದ ದಕ್ಕಿತು.

ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅಂದು ಅಸ್ವಸ್ಥರಾಗಿದ್ದ ಪಾಟೀಲರನ್ನು ಇಳಿಸುವ ನಿರ್ಧಾರವನ್ನು ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ ಹೇಳಿ ಹೋದರು. ಇಳಿಸಿದ್ದಕ್ಕಿಂತ ಇಳಿಸಿದ ರೀತಿ ಬಹಳ ಜನರನ್ನು ನೋಯಿಸಿತು. ವೀರಶೈವ ಲಿಂಗಾಯತ ಮತದಾರರು ಕಾಂಗ್ರೆಸ್ಸಿನಿಂದ ದೂರವಾಗಲು ಅದೂ ಒಂದು ಕಾರಣವೆಂದು ಇಂದಿಗೂ ಹೇಳುತ್ತಾರೆ. ಬಡ್ತಿ ಕೊಡುವ, ಕಿತ್ತುಕೊಳ್ಳುವ ಅಧಿಕಾರ ಇರುವವರು ನೆನಪಿಡಬೇಕಾದ ಮಾತು ಇದು. ಕಹಿ ಸುದ್ದಿಯನ್ನು ಸಂಬಂಧಪಟ್ಟವರು ಮೊದಲು ಕೇಳಬೇಕು, ಅದೂ ಮುಖಾಮುಖಿಯಾಗಿ.

1992ರ ನವೆಂಬರಿನಲ್ಲಿ ಬಂಗಾರಪ್ಪನವರೇ ಕುರ್ಚಿ ಬಿಟ್ಟುಕೊಡಬೇಕಾಯಿತು. ವೀರಪ್ಪ ಮೊಯಿಲಿಯವರು ಮುಖ್ಯಮಂತ್ರಿಯಾದರು. ಈಗ ಹಳೆಯ ಸಿಟ್ಟು ಮತ್ತೆ ಎದ್ದಿತು. ಕರ್ನಾಟಕ ಕಾಂಗ್ರೆಸ್ ಪಕ್ಷ ಹುಟ್ಟಿತು. 1994ರ ಚುನಾವಣೆಯಲ್ಲಿ ಅದು ಗೆದ್ದದ್ದು 10 ಸ್ಥಾನ. ಐದು ವರ್ಷದ ಹಿಂದೆ 178 ಗೆದ್ದಿದ್ದ ಕಾಂಗ್ರೆಸ್ 34ಕ್ಕೆ ಕುಸಿಯಿತು. ಅಧಿಕಾರ ಹಿಡಿದದ್ದು ಜನತಾದಳ. ಕಾಂಗ್ರೆಸ್ಸಿನ ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಸೊರಬದ ಮುನಿಸಿನ ಪಾಲು ಸಣ್ಣದಲ್ಲ. 2011ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ ಬಂಗಾರಪ್ಪನವರು ಪಕ್ಷದಿಂದ ಪಕ್ಷಕ್ಕೆ ಹೋದರು, ಲೋಕಸಭೆಗೆ ಗೆದ್ದರು. ಮುಖ್ಯಮಂತ್ರಿಯ ಕುರ್ಚಿ ಮಾತ್ರ ಮತ್ತೆ ಸಿಗಲಿಲ್ಲ.

ಶಿಕಾರಿಪುರದ ಪಾಠ

ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಬಂದು ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಯಡಿಯೂರಪ್ಪನವರು ಪುರಸಭೆಯಿಂದ ಮೆಟ್ಟಿಲು ಹತ್ತಿದವರು. 1983ರಲ್ಲಿ ಶಾಸಕರಾದರು, 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದಾಗ ಮುಖ್ಯಮಂತ್ರಿಯಾದರು. 2011ರ ಜುಲೈ 31ರಂದು ರಾಜೀನಾಮೆ ಕೊಡಬೇಕಾಗಿ ಬಂದಾಗ ಅವರ ಬೆಂಬಲದಿಂದಲೇ ಡಿ.ವಿ. ಸದಾನಂದ ಗೌಡರು ಆ ಜಾಗಕ್ಕೆ ಬಂದರು. ವರ್ಷ ತುಂಬುವ ಮೊದಲೇ ಇಬ್ಬರ ನಡುವೆ ಮಾತು ಕೆಟ್ಟಿತು. 2012ರ ಜುಲೈನಲ್ಲಿ ಜಗದೀಶ ಶೆಟ್ಟರ್ ಬಂದರು. ಅದೂ ಶಮನ ತರಲಿಲ್ಲ. ನವೆಂಬರ್ 30ರಂದು ಯಡಿಯೂರಪ್ಪನವರು ಪಕ್ಷ ಬಿಟ್ಟರು. ಡಿಸೆಂಬರಿನಲ್ಲಿ ಹಾವೇರಿಯಲ್ಲಿ ಕರ್ನಾಟಕ ಜನತಾ ಪಕ್ಷದ ಸಮಾವೇಶ ನಡೆಯಿತು.

2013ರ ಮೇ ತಿಂಗಳ ಫಲಿತಾಂಶ ನೋಡಿ. ಹೊಸ ಪಕ್ಷಕ್ಕೆ 6 ಸ್ಥಾನ. 110 ಇದ್ದ ಬಿಜೆಪಿಗೆ 40. ಕಾಂಗ್ರೆಸ್ಸಿಗೆ 122. ಸೊರಬದ ಪಾಠವೇ ಹತ್ತೊಂಬತ್ತು ವರ್ಷದ ನಂತರ ಪಕ್ಕದ ತಾಲ್ಲೂಕಿನಲ್ಲಿ ಪುನಃ ಓದಿದಂತಾಯಿತು. ಇಬ್ಬರು ಗೆಳೆಯರು ಜಗಳವಾಡಿದ ಮನೆಯಲ್ಲಿ ಊಟ ಮಾಡಿದವನು ಮೂರನೆಯವನು. 2014ರ ಜನವರಿಯಲ್ಲಿ ಯಡಿಯೂರಪ್ಪನವರು ಬಿಜೆಪಿಗೆ ಹಿಂತಿರುಗಿದರು.

2021ರ ಜುಲೈ 26ರಂದು ಅವರು ಮತ್ತೊಮ್ಮೆ ಕುರ್ಚಿ ಬಿಡಬೇಕಾಯಿತು. ವೇದಿಕೆಯ ಮೇಲೆ ಕಣ್ಣೀರು ಬಂತು. ಅದನ್ನು ಮರೆಮಾಚಲೂ ಇಲ್ಲ. ಆದರೆ ಈ ಸಲ ಪಕ್ಷ ಒಡೆಯಲಿಲ್ಲ. ಬಸವರಾಜ ಬೊಮ್ಮಾಯಿಯವರ ಪ್ರಮಾಣವಚನ ನಡೆಯಿತು, ಇವರು ಒಳಗೇ ಉಳಿದರು. 2023ರಲ್ಲಿ ಅವರ ಮಗ ಬಿ.ವೈ. ವಿಜಯೇಂದ್ರ ಶಿಕಾರಿಪುರದಿಂದ ಶಾಸಕರಾಗಿ, ಅದೇ ನವೆಂಬರಿನಲ್ಲಿ ರಾಜ್ಯ ಘಟಕದ ಅಧ್ಯಕ್ಷರಾಗಿ ನೇಮಕಗೊಂಡರು. ಆಗ ನೋವು ಮನೆ ಬದಲಿಸಿತು. ಅನುಭವದಲ್ಲಿ ಹಿರಿಯರಾದ ಕೆಲವರು ಬಹಿರಂಗವಾಗಿಯೇ ಅಸಮಾಧಾನ ಹೇಳಿದರು. ದಶಕಗಳ ಸಹೋದ್ಯೋಗಿ ಕೆ.ಎಸ್. ಈಶ್ವರಪ್ಪನವರು ಮಗನಿಗೆ ಹಾವೇರಿಯ ಟಿಕೆಟ್ ಸಿಗಲಿಲ್ಲವೆಂದು 2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗದಿಂದ ಪಕ್ಷೇತರರಾಗಿ ನಿಂತು ಸೋತರು.

ಒಳಗೇ ಉಳಿದು ದುಡಿದವರಿಗೆ ಕುರ್ಚಿ ಸಿಕ್ಕೇ ಸಿಗುತ್ತದೆ ಎಂದರೆ ಅದು ಸುಳ್ಳು ಸಮಾಧಾನವಾದೀತು. ಮಲ್ಲಿಕಾರ್ಜುನ ಖರ್ಗೆಯವರ ಹೆಸರು ಮುಖ್ಯಮಂತ್ರಿ ಹುದ್ದೆಗೆ ಮತ್ತೆ ಮತ್ತೆ ಕೇಳಿಬಂತು. 1999ರಲ್ಲಿ ಎಸ್.ಎಂ. ಕೃಷ್ಣ ಬಂದರು, 2004ರಲ್ಲಿ ಧರ್ಮಸಿಂಗ್ ಬಂದರು. ಇಬ್ಬರ ಸಂಪುಟದಲ್ಲೂ ಖರ್ಗೆಯವರು ಮಂತ್ರಿಯಾಗಿ ಕೆಲಸ ಮಾಡಿದರು. 2013ರಲ್ಲಿ ಸಿದ್ದರಾಮಯ್ಯನವರು ಬಂದರು. ಖರ್ಗೆಯವರಿಗೆ ಆ ಕುರ್ಚಿ ಸಿಗಲಿಲ್ಲ. 2022ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಆಯ್ಕೆಯಾದರು, ಅದು ಬೇರೆ ಮಾತು. ತಾಳ್ಮೆಗೆ ಪ್ರತಿಫಲ ಖಾತ್ರಿಯಿಲ್ಲ. ಆದರೆ ಇಷ್ಟು ಕಾಲ ದುಡಿದು ಗಳಿಸಿದ್ದನ್ನು ತಾಳ್ಮೆ ಕಳೆಯುವುದಿಲ್ಲ.

ನೋವು ಎಲ್ಲಿಂದ ಬರುತ್ತದೆ

ಬಡ್ತಿ ಸಿಗದಿದ್ದಾಗ ಸಂಬಳ ಕಡಿಮೆಯಾಗುವುದಿಲ್ಲ, ಮನೆಯ ಅಕ್ಕಿ ಖಾಲಿಯಾಗುವುದಿಲ್ಲ. ಆದರೂ ನಿದ್ದೆ ಬರುವುದಿಲ್ಲ. ಯಾಕೆ?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟಾಫರ್ ಮತ್ತು ಸಂಗಡಿಗರು ಸೈನಿಕರನ್ನು ವಿಚಾರಿಸಿದರು. ಫಲಿತಾಂಶ 1949ರಲ್ಲಿ ಪ್ರಕಟವಾಯಿತು. ವಾಯುದಳದಲ್ಲಿ ಬಡ್ತಿ ಬೇಗ ಸಿಗುತ್ತಿತ್ತು, ಸೇನಾ ಪೊಲೀಸಿನಲ್ಲಿ ಬಹಳ ನಿಧಾನ. ಬಡ್ತಿಯ ಬಗ್ಗೆ ಹೆಚ್ಚು ಗೊಣಗಿದವರು ಮಾತ್ರ ವಾಯುದಳದವರು! ಕಾರಣ ಸರಳ. ಸುತ್ತಲಿದ್ದವರೆಲ್ಲ ಮೇಲೇರುತ್ತಿರುವಾಗ ಉಳಿದವನಿಗೆ ತಾನು ಸೋತೆನೆಂದು ಅನಿಸುತ್ತದೆ. ಯಾರೂ ಏರದ ಕಡೆ ಆ ಮಾತೇ ಇಲ್ಲ. ನಮ್ಮ ಕಚೇರಿಗಳಲ್ಲೂ ನೋಡಿ. ಬೆಂಗಳೂರಿನ ಅಪರಿಚಿತನಿಗೆ ಬಡ್ತಿಯಾದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಜೊತೆಯಲ್ಲೇ ಕೆಲಸಕ್ಕೆ ಸೇರಿ, ಒಂದೇ ಬಸ್ಸಿನಲ್ಲಿ ಓಡಾಡಿದವನಿಗೆ ಆದರೆ ಎದೆಯಲ್ಲಿ ಮುಳ್ಳು ಮುರಿಯುತ್ತದೆ.

ಸಣ್ಣ ಊರಿನಲ್ಲಿ ಈ ಮುಳ್ಳು ಇನ್ನೂ ಆಳ. ಸೊರಬ ಅಥವಾ ಶಿಕಾರಿಪುರದ ಕಚೇರಿಯಲ್ಲಿ ಸಹೋದ್ಯೋಗಿ ಎಂದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಹುಡುಕಿಕೊಡುವವನು, ಮಕ್ಕಳ ಶಾಲೆಯಲ್ಲಿ ಸಿಗುವವನು, ಜಾತ್ರೆಯಲ್ಲಿ ಎದುರಾಗುವವನು, ಕೆಲವೊಮ್ಮೆ ನೆಂಟನೂ ಹೌದು. ಸಂಜೆ ಐದೂವರೆಗೆ ಕಚೇರಿಯ ಬಾಗಿಲು ಹಾಕಿದರೂ ಮುನಿಸು ಮನೆಯವರೆಗೆ ಹಿಂಬಾಲಿಸುತ್ತದೆ. ಜೊತೆಗೆ ಟೀ ಅಂಗಡಿಯಲ್ಲಿ ತುಪ್ಪ ಸುರಿಯುವ ಒಬ್ಬರಾದರೂ ಇದ್ದೇ ಇರುತ್ತಾರೆ: ‘ಏನ್ ಸಾರ್, ನಿಮಗಿಂತ ಐದು ವರ್ಷ ಚಿಕ್ಕೋರಂತಲ್ಲ? ನೀವು ಸುಮ್ಮನೆ ಕೂತಿದ್ದೀರಲ್ಲ?’ ಸೊರಬಕ್ಕೂ ಶಿಕಾರಿಪುರಕ್ಕೂ ಹೊಸ ಪಕ್ಷ ಕಟ್ಟಲು ಹುರಿದುಂಬಿಸಿದವರು ಬಹಳ ಇದ್ದರು. ಫಲಿತಾಂಶದ ದಿನ ನಷ್ಟ ಮಾತ್ರ ಮುಖಂಡರ ಲೆಕ್ಕಕ್ಕೆ ಬಂತು.

ಮೊದಲು ಪಟ್ಟಿ ನೋಡಿ

ಬಡ್ತಿ ತಪ್ಪಿದ ಮನಸ್ಸಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಗಂಟು ಬಿದ್ದಿರುತ್ತವೆ. ನಿಯಮ ಮುರಿದರೇ ಎಂಬುದು ಒಂದು. ನನಗೆ ನೋವಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಗದದಲ್ಲಿ ಉತ್ತರವಿದೆ, ಎರಡನೆಯದಕ್ಕೆ ಇಲ್ಲ. ಈ ಗಂಟನ್ನು ಬಿಡಿಸಿಕೊಳ್ಳದೆ ಹೋದರೆ ಮೇಲಧಿಕಾರಿಯ ಮೇಲೆ ಹೋಗಬೇಕಾದ ಪ್ರಶ್ನೆ ಪಕ್ಕದ ಮೇಜಿನವನ ಮೇಲೆ ಹೋಗುತ್ತದೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎಂದದ್ದು ಇದಕ್ಕೇ.

ಸರ್ಕಾರಿ ನೌಕರರಾದರೆ ಮೊದಲು ಜ್ಯೇಷ್ಠತಾ ಪಟ್ಟಿಯನ್ನು ತೆಗೆದು ನೋಡಬೇಕು. ರಾಜ್ಯದಲ್ಲಿ ಜ್ಯೇಷ್ಠತೆಗೆ 1957ರ ನಿಯಮಗಳಿವೆ. ಪಟ್ಟಿಯನ್ನು ಮೊದಲು ತಾತ್ಕಾಲಿಕವಾಗಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಆಮೇಲೆ ಅಂತಿಮ ಪಟ್ಟಿ. ಹೆಚ್ಚಿನವರು ತಾತ್ಕಾಲಿಕ ಪಟ್ಟಿಯನ್ನು ಓದುವುದೇ ಇಲ್ಲ, ಬಡ್ತಿಯ ಆದೇಶ ಬಂದ ದಿನ ಎಚ್ಚರಗೊಳ್ಳುತ್ತಾರೆ. ದ್ವಿತೀಯ ದರ್ಜೆ ಸಹಾಯಕರು, ಪ್ರಥಮ ದರ್ಜೆಯವರು ಸೇವಾವಧಿಯ ಜೊತೆಗೆ ತಮ್ಮ ಹುದ್ದೆಗೆ ಹೇಳಿರುವ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಿದ್ದಾರೆಯೇ ಎಂಬುದೂ ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ. ‘ಅಕೌಂಟ್ಸ್ ಹೈಯರ್ ಮುಂದಿನ ವರ್ಷ ಬರೆದರಾಯಿತು’ ಎಂದು ಹತ್ತು ವರ್ಷ ದೂಡಿದವರು ಕಿರಿಯನ ಮೇಲೆ ಮುನಿದರೆ ಆ ಮುನಿಸಿಗೆ ನೆಲೆಯಿಲ್ಲ. ಇಲಾಖಾ ವಿಚಾರಣೆ ಬಾಕಿ ಇದ್ದರೆ ಬಡ್ತಿಯ ತೀರ್ಮಾನ ಮೊಹರು ಹಾಕಿದ ಲಕೋಟೆಯಲ್ಲಿ ಉಳಿಯುತ್ತದೆ.

ಗೋಪ್ಯ ವರದಿಯ ಕಾಟವೂ ಮೊದಲಿನಂತಿಲ್ಲ. ಮೇಲಧಿಕಾರಿ ಬರೆದ ಪ್ರತಿಯೊಂದು ವಾರ್ಷಿಕ ಷರಾವನ್ನೂ, ಅದು ಒಳ್ಳೆಯದಿರಲಿ ಸಾಧಾರಣವಿರಲಿ, ನೌಕರರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ತಿಳಿದರೆ ತಿದ್ದುಪಡಿಗೆ ಮನವಿ ಮಾಡಿಕೊಳ್ಳಬಹುದು. ಪಟ್ಟಿಯಲ್ಲಿ ನಿಜಕ್ಕೂ ತಪ್ಪಿದ್ದರೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಅದಕ್ಕೂ ಬಗ್ಗದಿದ್ದರೆ 1986ರಿಂದ ಕರ್ನಾಟಕ ಆಡಳಿತ ನ್ಯಾಯಮಂಡಳಿ ಇದೆ. ಆದೇಶವಾದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು ಎಂಬುದು ಸಾಮಾನ್ಯ ನಿಯಮ. ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಹೇಳಿಕೊಂಡ ದೂರು ಅಲ್ಲಿ ಎಣಿಕೆಗೆ ಬರುವುದಿಲ್ಲ.

ನಿಯಮವೇ ವಿವಾದದಲ್ಲಿದ್ದಾಗ ಇನ್ನಷ್ಟು ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದ ನೌಕರರ ಬಡ್ತಿ ನಂತರದ ಜ್ಯೇಷ್ಠತೆಯ ಪ್ರಶ್ನೆ ಕರ್ನಾಟಕವನ್ನು ವರ್ಷಗಟ್ಟಲೆ ಕಾಡಿತು. ಬಿ.ಕೆ. ಪವಿತ್ರಾ ಪ್ರಕರಣದಲ್ಲಿ 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 2002ರ ಕಾಯ್ದೆಯ ಮುಖ್ಯ ಭಾಗವನ್ನು ರದ್ದುಮಾಡಿತು. ಸರ್ಕಾರ ರತ್ನಪ್ರಭಾ ಸಮಿತಿಯಿಂದ ಅಂಕಿಅಂಶ ಪಡೆದು 2018ರಲ್ಲಿ ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ನಡುವೆ ಎಷ್ಟೋ ಕಚೇರಿಗಳಲ್ಲಿ ಜನ ಎರಡು ಗುಂಪಾಗಿ ಕುಳಿತರು. ಕಾಯ್ದೆ ಮಾಡಿದ್ದು ವಿಧಾನಮಂಡಲ, ತೀರ್ಪು ಕೊಟ್ಟಿದ್ದು ನ್ಯಾಯಾಲಯ. ಕೊಂಕು ಮಾತು ಕೇಳಬೇಕಾಗಿ ಬಂದದ್ದು ಮಾತ್ರ ಪಕ್ಕದ ಮೇಜಿನಲ್ಲಿ ಕಡತ ನೋಡುತ್ತಿದ್ದ ಮನುಷ್ಯ. ಇಂಥ ಮಾತಿಗೆ ಯಾವ ಪಟ್ಟಿಯಲ್ಲೂ ಸಮರ್ಥನೆ ಸಿಗದು.

ನೋವನ್ನು ಏನು ಮಾಡುವುದು

ಪಟ್ಟಿ ಸರಿಯಿದೆ, ನಿಯಮ ಮುರಿದಿಲ್ಲ ಎಂದು ಗೊತ್ತಾದ ಮೇಲೂ ನೋವು ಉಳಿಯುತ್ತದೆ. ಅದನ್ನು ಇಲ್ಲವೆಂದು ನಟಿಸಬೇಕಾಗಿಲ್ಲ. ಮನೆಯವರ ಮುಂದೆ, ಕಚೇರಿಗೆ ಸಂಬಂಧವಿಲ್ಲದ ಒಬ್ಬ ಗೆಳೆಯನ ಮುಂದೆ ಹೇಳಿಕೊಳ್ಳಿ. ಕಚೇರಿಯ ಒಳಗೆ ಹೇಳಿಕೊಂಡರೆ ಅದು ಸಂಜೆಯೊಳಗೆ ಬಣ್ಣ ಹಚ್ಚಿಕೊಂಡು ಸಂಬಂಧಪಟ್ಟವರ ಕಿವಿ ತಲುಪುತ್ತದೆ. ಆದೇಶ ಬಂದ ವಾರದಲ್ಲಿ ರಾಜೀನಾಮೆ, ವರ್ಗಾವಣೆ, ಮೊಟಕು ಅರ್ಜಿ ಯಾವುದನ್ನೂ ಬರೆಯದಿರುವುದು ಒಳ್ಳೆಯದು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಮೇಲಧಿಕಾರಿಯ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಬಹುದು: ಮುಂದಿನ ಸಲಕ್ಕೆ ನನ್ನಲ್ಲಿ ಏನು ಕಡಿಮೆ ಇದೆ? ಅವರಿಗೇಕೆ ಕೊಟ್ಟಿರಿ ಎಂಬ ಪ್ರಶ್ನೆಗೆ ಜಗಳ ಸಿಗುತ್ತದೆ. ನನಗೇನು ಬೇಕು ಎಂಬ ಪ್ರಶ್ನೆಗೆ ಕೆಲಸ ಸಿಗುತ್ತದೆ. ಖಾಸಗಿ ಸಂಸ್ಥೆ, ಸಹಕಾರ ಸಂಘಗಳಲ್ಲಿ ಲಿಖಿತ ಪಟ್ಟಿ ಇಲ್ಲದೆಡೆ ಈ ಪ್ರಶ್ನೆ ಇನ್ನೂ ಮುಖ್ಯ. ಉತ್ತರ ಬರದಿದ್ದರೆ, ಎರಡು ಮೂರು ಸಲ ಕೇಳಿದರೂ ಬರದಿದ್ದರೆ, ಬೇರೆ ಕೆಲಸ ಹುಡುಕುವುದರಲ್ಲಿ ತಪ್ಪಿಲ್ಲ. ಅದನ್ನು ತಣ್ಣಗೆ ಹುಡುಕಬೇಕು, ಅಷ್ಟೆ. ಬಡ್ತಿಯೇ ನಿಜಕ್ಕೂ ಬೇಕೇ ಎಂದೂ ಒಮ್ಮೆ ಕೇಳಿಕೊಳ್ಳಬೇಕು. ವರ್ಗಾವಣೆಗೆ ಹೆದರಿ ಬಂದ ಬಡ್ತಿಯನ್ನು ಬೇಡವೆಂದು ಬರೆದುಕೊಟ್ಟ ಬ್ಯಾಂಕ್ ನೌಕರರು ನಮ್ಮ ಸುತ್ತ ಕಡಿಮೆ ಇಲ್ಲ.

ಬಡ್ತಿ ಪಡೆದವರಿಗೂ ಒಂದು ಮಾತು. ಹಳೆಯ ಗೆಳೆಯನ ಮೌನವನ್ನು ಹೊಟ್ಟೆಕಿಚ್ಚು ಎಂದು ಕರೆಯಲು ಆತುರಪಡಬೇಡಿ. ಅವರಿಗೆ ತಿಳಿದ ಕೆಲಸವನ್ನು ಮೊದಲ ವಾರವೇ ಅವರ ಹತ್ತಿರ ಕೇಳಿ. ಎಲ್ಲರ ಎದುರು ಕೇಳಿ. ನಾಲ್ಕು ಜನರ ಮುಂದೆ ಅವರ ತಪ್ಪು ಎತ್ತಿ ಆಡಬೇಡಿ. ‘ಸಾರ್’ ಎನ್ನಬೇಕೋ ಬೇಡವೋ ಎಂಬ ಮುಜುಗರವನ್ನು ನೀವೇ ತೆಗೆದುಹಾಕಿ. ‘ಬನ್ನಿ, ಡಬ್ಬಿ ತೆಗೀರಿ, ಹೊತ್ತಾಯ್ತು’ ಎಂದು ಕರೆಯಲು ಯಾವ ಸುತ್ತೋಲೆಯೂ ಬೇಕಾಗಿಲ್ಲ. ಕಡತಕ್ಕೆ ಮಾತ್ರ ಗೆಳೆತನದ ರಿಯಾಯಿತಿ ಬೇಡ.

ಮುಖಂಡರಿಗೆ ಕುರ್ಚಿ ತಪ್ಪಿದರೆ ಹೊಸ ಪಕ್ಷ ಕಟ್ಟುವ ದಾರಿಯಾದರೂ ಇದೆ. ಸೋತರೆ ಮರಳಿ ಕರೆಯುವವರೂ ಇರುತ್ತಾರೆ. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ, ಶಾಲೆಯ ಮೇಷ್ಟರಿಗೆ, ಸೊಸೈಟಿಯ ಕಾರ್ಯದರ್ಶಿಗೆ ಅಂಥ ದಾರಿಯಿಲ್ಲ. ಇದೇ ಊರಿನಲ್ಲಿ, ಇದೇ ನಾಲ್ಕು ಗೋಡೆಯ ನಡುವೆ, ನಿವೃತ್ತಿಯವರೆಗೆ ಅದೇ ಮುಖಗಳನ್ನು ನೋಡಬೇಕು. ಬಡ್ತಿ ಇವತ್ತು ತಪ್ಪಿದರೆ ಮುಂದಿನ ಪಟ್ಟಿಯಲ್ಲಿ ಬರಬಹುದು, ಬಾರದೆಯೂ ಇರಬಹುದು. ನಿವೃತ್ತಿಯಾದ ಮೇಲೆ ಶಿರಸ್ತೇದಾರರೂ ಸಹಾಯಕರೂ ಬಸ್‌ಸ್ಟ್ಯಾಂಡಿನ ಒಂದೇ ಕಲ್ಲುಬೆಂಚಿನಲ್ಲಿ ಕುಳಿತು ಪೇಪರ್ ಓದುತ್ತಾರೆ. ಆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುವಷ್ಟು ಮಾತು ಇಬ್ಬರ ನಡುವೆ ಉಳಿದಿರಬೇಕು.